ಲಟ್ಟಣಿಗೆ ಹಿಡಿಯ ಮಷೀನು

ನನ್ನ ಜಾಣೆ ಕಾಜಾ,

ಇವತ್ತು ಬೆಳಿಗ್ಗೆ ಅಂಗಡಿಯ ಷಟರ್ ಇನ್ನೂ ಅರ್ಧ ಎತ್ತಿದ್ದೆ, ಒಳಗೆ ಹಲಗೆಯ ಮೇಲಿದ್ದ ನನ್ನ ಮುದಿ ಕಂಪ್ಯೂಟರು ಟಣ್ ಎಂದಿತು. ನಮ್ಮ ಕೂಟಕ್ಕೆ ಹೊಸ ಮನೆಯೊಂದು ಸೇರಿದೆ ಎಂದು ಅದರ ಅರ್ಥ. ಬಗ್ಗಿದ್ದವಳು ಹಾಗೇ ನುಸುಳಿಕೊಂಡು ಒಳಗೆ ಹೋಗಿ ಹೆಸರು ನೋಡಿದೆ. ‘ಅತ್ತೆಮನೆ’ ಎಂದಿತ್ತು. ಅಯ್ಯೋ ನಿನ್ನ! ಗಂಡನ ಮನೆಯ ಹೊಸ್ತಿಲು ದಾಟಿ ಬಂದವಳು ತನ್ನ ಸ್ವಂತ ಮನೆಗೆ ಅತ್ತೆಮನೆ ಎಂದು ಹೆಸರಿಡುವುದು ಎಂದರೇನು! ಒಬ್ಬಳೇ ನಿಂತು ಎಷ್ಟು ನಕ್ಕೆನೆಂದರೆ, ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಬಂದು ಇಣುಕಿ, ‘ಏನಕ್ಕಾ, ಲಾಟರಿ ಹೊಡೀತಾ?’ ಎಂದು ಕೇಳಿದ. ‘ಅದಕ್ಕಿಂತ ದೊಡ್ಡದು ಕಣಪ್ಪಾ’ ಎಂದೆ. ಏನು ಎತ್ತ ಎಂದು ಹೇಳಲಿಲ್ಲ. ನಾನು ಒಂದು ಸುದ್ದಿಯನ್ನು ಹೇಳದೆ ಬಿಟ್ಟದ್ದು ಕಂಡು ಅವನಿಗೆ ನಿಜಕ್ಕೂ ಗಾಬರಿಯಾಯಿತು.

ನಮ್ಮ ಕತೆಯನ್ನು ಒಂದು ದಿನ ಬರೆಯಲೇ ಎಂದು ಹಿಂದೆ ನಿನ್ನನ್ನು ಕೇಳಿದ್ದೆ. ‘ಬರೀರಿ ಅಕ್ಕಾ, ಆದ್ರೆ ನಾಲಿಗೆ ಕೈಯಲ್ಲಿ ಹಿಡ್ಕೊಂಡು ಬರೀರಿ’ ಎಂದಿದ್ದೆ. ಆ ದಿನ ಬಂತು ಎಂದುಕೊಂಡು ಕೂತಿದ್ದೇನೆ. ಈ ಕಾಗದದ ಎರಡು ಪ್ರತಿ ಮಾಡುತ್ತೇನೆ. ಒಂದು ಬೀಗ ಹಾಕಿ ನಿನ್ನ ಹೊಸ ಮನೆಗೆ, ಅಲ್ಲಿಗೆ ಬರುವ ಮೊದಲ ಕಾಗದ ನನ್ನದೇ ಆಗಬೇಕು. ಇನ್ನೊಂದನ್ನು ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರಿಗೆ ಅಂಟಿಸುತ್ತೇನೆ. ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಪಡಸಾಲೆಯಲ್ಲಿ ನಿಂತು ಓದುವ ಹೊಸಬರಿಗೋಸ್ಕರ ನಿನಗೆ ಗೊತ್ತಿರುವುದನ್ನೇ ಒಂದಿಷ್ಟು ಹೇಳಬೇಕು, ಬೇಸರ ಮಾಡಿಕೊಳ್ಳಬೇಡ. ನಮ್ಮದು ಹೊಲಿಗೆ ಮಷೀನು ಬಿಚ್ಚಿ ಜೋಡಿಸುವವರ ಕೂಟ. ಇದಕ್ಕೊಬ್ಬ ಯಜಮಾನ ಅಂತ ಇಲ್ಲ, ಕಂಪನಿ ಇಲ್ಲ, ದೊಡ್ಡ ಕಟ್ಟಡ ಇಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ತಮ್ಮ ತಮ್ಮ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡು ನಡೆಸುತ್ತಾರೆ. ಅದಕ್ಕೆ ನಾವು ಮನೆ ಅನ್ನುತ್ತೇವೆ. ನನ್ನ ಮನೆ ಸ್ಕ್ರೂ ಡಬ್ಬಿಗಳ ನಡುವೆ, ಮುಚ್ಚಳ ಮುರಿದು ಕೂತಿದೆ. ಒಂದು ಮನೆಯ ಪಡಸಾಲೆಯಲ್ಲಿ ಆಡಿದ ಮಾತು ಬೇಲಿ ಹಾರಿ ಉಳಿದ ಮನೆಗಳಿಗೂ ಹೋಗುತ್ತದೆ, ಎಲ್ಲ ಮಾತೂ ಎಲ್ಲ ಮನೆಗೂ ಅಲ್ಲ. ಒಬ್ಬರಿಗೆ ಮಾತ್ರ ಕಾಣುವಂತೆ ಬರೆದದ್ದು ಬೀಗದ ಚೀಟಿ. ಯಾರೂ ಹುಟ್ಟಿದ ಹೆಸರು ಹೇಳುವುದಿಲ್ಲ. ನೀನು ಕಾಜಾ, ನಾನು ಎಣ್ಣೆಡಬ್ಬಿ. ಯಾರು ಯಾವ ತೊಂದರೆ ಹೇಳಿದರೂ ಮೊದಲು ‘ಎಣ್ಣೆ ಹಾಕಿದ್ರಾ?’ ಎಂದು ಕೇಳುವುದರಿಂದ ಬಂದ ಬಿರುದು.

ನನಗೆ ಈ ಮನೆ ಕಟ್ಟಲು ಕಲಿಸಿದ್ದು ಮೊಂಡುಕತ್ತರಿ. ಆ ಮಹಾನುಭಾವ ಯಾರು, ಯಾವ ದೇಶದಲ್ಲಿ ಕೂತು ಗೊಣಗುತ್ತಾನೆ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಮೂರು ವಾರ ತಪ್ಪು ಮಾಡಿದೆ, ಅವನು ಮೂರು ವಾರ ಬೈದ. ಬೈಗುಳದ ನಡುವೆ ಎರಡು ಪಾಠ ಹೇಳಿಕೊಟ್ಟ. ‘ಕೇಳಿದ್ದಕ್ಕೆ ಉತ್ತರ ಹೇಳು, ಕೇಳದ್ದು ಕಣ್ಣಿಗೆ ಬಿದ್ರೂ ಕಾಣದ ಹಾಗಿರು’ ಎಂಬುದು ಒಂದು. ‘ಬೇಡದ್ದನ್ನ ಇಟ್ಕೋಬೇಡ, ಇಟ್ಕೊಂಡ್ರೆ ಒಂದು ದಿನ ಯಾರಾದ್ರೂ ಅದನ್ನ ಕೇಳ್ಕೊಂಡು ಬರ್ತಾರೆ’ ಎಂಬುದು ಇನ್ನೊಂದು. ಎರಡನೆಯದನ್ನು ನಾನು ಅಂದೇ ಹಿಡಿದುಕೊಂಡೆ. ಯಾರು ಎಲ್ಲಿಂದ ಬಂದರು ಎಂಬ ಗುರುತನ್ನು ಕಂಪ್ಯೂಟರು ತಾನಾಗಿ ಬರೆದಿಟ್ಟುಕೊಳ್ಳುತ್ತದೆ. ಸಂಜೆ ಅಂಗಡಿ ಗುಡಿಸುವಾಗ, ನೆಲದ ದಾರದ ಚೂರಿನ ಜೊತೆಗೆ ಅದನ್ನೂ ಗುಡಿಸಿ ಹಾಕುವುದು ನನ್ನ ಅಭ್ಯಾಸವಾಯಿತು. ಮೊದಲನೆಯ ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ನಮ್ಮ ಮನೆಯವರು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ, ‘ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ ಕಣೇ’ ಎಂದು.

ನೀನು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ‘ಕೈಮಷೀನಿನ ಚಕ್ರ ಬಿಗಿಯಾಗಿದೆ. ತಿರುಗಿಸೋಕೆ ಇಬ್ಬರು ಬೇಕು. ಏನು ಮಾಡಲಿ?’ ಅಷ್ಟೇ ಬರೆದಿದ್ದೆ. ನಮಸ್ಕಾರ ಇಲ್ಲ, ಧನ್ಯವಾದ ಇಲ್ಲ. ಬಿಗುಮಾನದ ಹೆಣ್ಣು ಎಂದುಕೊಂಡೆ. ನಾನು ಎಣ್ಣೆ ಹಾಕಿದ್ರಾ ಎಂದು ಕೇಳಿದೆ, ನೀನು ಹಾಕಿದೆ ಎಂದೆ. ನಾನು ಚಿತ್ರ ತೋರಿಸಿ ಎಂದೆ. ಮೂರು ದಿನ ನಿನ್ನ ಸುಳಿವಿಲ್ಲ. ನಾಲ್ಕನೆಯ ದಿನ ಒಂದು ಚಿತ್ರ ಬಂತು. ಹಿಂದಿನ ಗೋಡೆ ಇಲ್ಲ, ಕಿಟಕಿ ಇಲ್ಲ, ಮೇಜಿನ ಅಂಚೂ ಇಲ್ಲ. ಬರೀ ಮಷೀನು, ಅದರ ಸುತ್ತ ಕತ್ತರಿ ಆಡಿಸಿದ ಹಾಗೆ ನೀನು ಎಲ್ಲವನ್ನೂ ತೆಗೆದುಹಾಕಿದ್ದೆ. ಅದನ್ನು ನೋಡಿದಾಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಇಷ್ಟು ಎಚ್ಚರದಿಂದ ಚಿತ್ರ ಕತ್ತರಿಸುವವಳಿಗೆ ಏನೋ ಹೆದರಿಕೆ ಇದೆ ಎಂದು ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ನನಗೆ ಹೊಳೆದದ್ದು ಮಷೀನು. ಚಕ್ರದ ಹಿಡಿ ಮುರಿದುಹೋದ ಜಾಗದಲ್ಲಿ ಯಾರೋ ಲಟ್ಟಣಿಗೆಯ ತುದಿ ಕುಯ್ದು, ಕೊರೆದು, ಅಚ್ಚುಕಟ್ಟಾಗಿ ಕೂರಿಸಿದ್ದರು. ಐವತ್ತೆಂಟು ವರ್ಷದ ಆಯುಷ್ಯದಲ್ಲಿ, ಅಪ್ಪನ ಪಕ್ಕ ಕೂತು ಸ್ಕ್ರೂ ಹೆಕ್ಕಿದ ದಿನದಿಂದ ಇವತ್ತಿನವರೆಗೆ, ಅಂಥ ಹಿಡಿ ನಾನು ಕಂಡಿರಲಿಲ್ಲ. ‘ಲಟ್ಟಣಿಗೆಯ ಹಿಡಿ! ಶಹಬ್ಬಾಸ್! ಇದನ್ನ ಮಾಡಿದ ಕೈಗೆ ನಮಸ್ಕಾರ!’ ಎಂದು ಪಡಸಾಲೆಯಲ್ಲೇ ಕೂಗಿದೆ. ಅಷ್ಟಕ್ಕೆ ನಿಲ್ಲಿಸಿದೆನೇ? ಮಧ್ಯಾಹ್ನ ಎರಡನೆಯ ಉತ್ತರ ಬರೆದೆ. ಚಕ್ರ ಬಿಡಿಸುವ ಉಪಾಯವನ್ನು ಎಳೆ ಎಳೆಯಾಗಿ ಹೇಳಿ, ಮುಗಿಸುವಾಗ ಒಂದು ಬಾಲ ಸೇರಿಸಿದೆ. ‘ಇದು ಸಾಮಾನ್ಯ ತುಕ್ಕಲ್ಲ, ಉಪ್ಪುಗಾಳಿಯ ತುಕ್ಕು. ನೀವು ಕಡಲಿಂದ ಎರಡು ಮೈಲಿಯೊಳಗಿದ್ದೀರಿ. ಸೂಜಿಗೆ ಸಿಕ್ಕ ನಾರು ನೋಡಿದರೆ ದೋಣಿಗೆ ಹಾಕುವ ದಪ್ಪ ಬಟ್ಟೆ ಹೊಲಿಯುತ್ತೀರಿ, ಅಂದ್ರೆ ಬಂದರಿನ ಬೀದಿ. ಸರಿ ತಾನೇ?’

ನೀನು ಉತ್ತರಿಸಲಿಲ್ಲ. ಚಕ್ರ ಸರಿಹೋಯಿತು ಎಂದು ಮಾತ್ರ ಬೀಗದ ಚೀಟಿ ಕಳಿಸಿದೆ. ನೀನು ಜೀವ ಕೈಯಲ್ಲಿ ಹಿಡಿದು ಕತ್ತರಿಸಿ ತೆಗೆದದ್ದನ್ನೆಲ್ಲ ನಾನು ಕೂತು ಮತ್ತೆ ಹೊಲಿದು ಸೇರಿಸಿದ್ದೆ. ಅದೂ ಮೆಚ್ಚುಗೆ ಗಿಟ್ಟಿಸಲು. ಆ ದಿನ ಹದಿನೇಳು ಜನ ನನಗೆ ಭೇಷ್ ಎಂದರು. ಎರಡು ದಿನ ನಾನು ಆ ಭೇಷ್‌ಗಳ ಮೇಲೇ ತೇಲುತ್ತಿದ್ದೆ. ನಮ್ಮ ಮನೆಯವರಿಗೂ ಓದಿ ಹೇಳಿದೆ, ಬೀಗ ರಿಪೇರಿಯವನಿಗೂ ಓದಿ ಹೇಳಿದೆ.

ಆರು ವಾರ ಕಳೆದ ಮೇಲೆ ಒಂದು ಬುಧವಾರ ಬೆಳಿಗ್ಗೆ ಹೊಸಬನೊಬ್ಬ ನನ್ನ ಪಡಸಾಲೆಗೆ ಬಂದ. ‘ಹಳೇ ವಸ್ತು ಪ್ರೇಮಿ’ ಎಂದು ಹೆಸರಿಟ್ಟುಕೊಂಡಿದ್ದ. ಮಾತು ಸಕ್ಕರೆ. ‘ಅಕ್ಕಾ, ನೀವು ಮೆಚ್ಚಿದ ಲಟ್ಟಣಿಗೆ ಹಿಡಿಯ ಮಷೀನು ನೋಡಬೇಕಿತ್ತು. ನಮ್ಮಮ್ಮನ ಹತ್ರಾನೂ ಅಂಥದ್ದೇ ಇತ್ತು. ಅದರವರು ಯಾವ ಊರಿನವರು? ಒಬ್ಬರೇ ಇದ್ದಾರಾ, ಜೊತೆಗೆ ಯಾರಾದ್ರೂ ಇದ್ದಾರಾ?’ ಎಂದು ಕೇಳಿದ. ಅಮ್ಮ ಎಂದದ್ದೇ ತಡ, ನಾನು ಕರಗಿಹೋದೆ. ‘ಊರು ಗೊತ್ತಿಲ್ಲ ತಮ್ಮಾ, ಆದ್ರೆ ಕಡಲ ಕಡೆಯವರು’ ಎಂದು ಟೈಪು ಮಾಡಿಯೇಬಿಟ್ಟೆ. ಕಳಿಸುವ ಹೊತ್ತಿಗೆ ಒಬ್ಬ ಗಿರಾಕಿ ಹೆಗಲ ಮೇಲೆ ಮಷೀನು ಹೊತ್ತು ಬಂದ. ಇಳಿಸಿಕೊಳ್ಳಲು ಎದ್ದೆ.

ಆ ಗಿರಾಕಿಗೆ ನಾನು ಜನ್ಮ ಜನ್ಮಕ್ಕೂ ಋಣಿ. ಮಷೀನು ಇನ್ನೂ ನೆಲಕ್ಕೆ ತಾಗಿಲ್ಲ, ಅವನು ಶುರುಮಾಡಿದ, ‘ಕೆಳಗಿನ ದಾರ ಗಂಟಾಗ್ತಿದೆ, ಸೂಜಿ ಮುರೀತಿದೆ, ಶಬ್ದ ಬೇರೆ ಬರ್ತಿದೆ.’ ನನ್ನ ಹತ್ತಿರ ಬರುವವರೆಲ್ಲ ಹೀಗೇ. ಮೊದಲು ಮಷೀನಿನ ಕಾಯಿಲೆ, ಆಮೇಲೆ ನಮಸ್ಕಾರ. ನಮ್ಮ ಕೂಟದಲ್ಲೂ ಹಾಗೇ. ವಾಪಸ್ ಬಂದು ಆ ಹೊಸಬನ ಮಾತನ್ನು ಮತ್ತೊಮ್ಮೆ ಓದಿದೆ. ಮಷೀನಿನ ವಿಷಯ ಅದರಲ್ಲಿ ಒಂದು ಅಕ್ಷರ ಇರಲಿಲ್ಲ. ಚಕ್ರ ಬಿಟ್ಟಿತೇ ಎಂದು ಕೇಳಿರಲಿಲ್ಲ, ಯಾವ ಎಣ್ಣೆ ಎಂದು ಕೇಳಿರಲಿಲ್ಲ. ಕೇಳಿದ್ದೆಲ್ಲ ಮಷೀನಿನ ಹಿಂದೆ ಕೂತವಳ ವಿಷಯ. ಟೈಪು ಮಾಡಿದ್ದನ್ನು ಅಳಿಸಿ, ಮೊದಲ ಸಲ ನಿನಗೆ ನಾನಾಗಿ ಬೀಗದ ಚೀಟಿ ಬರೆದೆ. ‘ಯಾರೋ ನಿಮ್ಮನ್ನ ಕೇಳ್ತಿದ್ದಾರೆ. ಹೇಳಲಿಲ್ಲ. ಯಾರು ಅಂತ ನೀವೂ ಹೇಳಬೇಕಾಗಿಲ್ಲ. ಏನು ಮಾಡಲಿ, ಅದಷ್ಟು ಹೇಳಿ.’

ನೀನು ಹತ್ತು ನಿಮಿಷದೊಳಗೆ ಬರೆದೆ. ನಾನು ಕೇಳದಿದ್ದರೂ ಬರೆದೆ. ಗಂಡ ನಿನ್ನ ಮೇಲೆ ಕೈ ಎತ್ತಿದ ದಿನ ಅತ್ತೆ ಅಡ್ಡ ನಿಂತರು. ಮಾರನೆಯ ದಿನ ಅವರಿಗೂ ಏಟು ಬಿತ್ತು. ಅದರ ಮಾರನೆಯ ದಿನ, ಅವನು ಕೆಲಸಕ್ಕೆ ಹೋದ ಮೇಲೆ, ಅತ್ತೆಯೂ ಸೊಸೆಯೂ ಆ ಮಷೀನನ್ನು ಹಾಸಿಗೆ ಹೊದಿಕೆಯಲ್ಲಿ ಕಟ್ಟಿಕೊಂಡು ಹೊರಟುಬಂದಿರಿ. ಆಮೇಲೆ ಎರಡು ಊರು ಬದಲಾಯಿಸಿ ಈ ಮೂರನೆಯ ಊರಿನಲ್ಲಿ ಮಹಡಿ ಮೇಲಿನ ಕೋಣೆ ಹಿಡಿದಿದ್ದಿರಿ. ‘ಅಕ್ಕಾ, ಹುಡುಕ್ತಿರೋದು ಅವರೇ. ಅತ್ತೆ ಆಗಲೇ ಮಷೀನಿಗೆ ಬಟ್ಟೆ ಸುತ್ತುತ್ತಿದ್ದಾರೆ. ಮೂರು ಗಂಟೆಗೆ ಒಂದು ಬಸ್ಸಿದೆ. ಆದ್ರೆ ಅತ್ತೆ ಮೊಣಕಾಲಿಗೆ ಇನ್ನೊಂದು ಊರು ಸುತ್ತೋ ಶಕ್ತಿ ಇಲ್ಲ’ ಎಂದು ನೀನು ಮುಗಿಸಿದ್ದೆ. ಓದುತ್ತಿದ್ದ ನನ್ನ ಮುಖ ನೋಡಿ ಗಿರಾಕಿ ‘ಅಕ್ಕಾ, ನೀರು ಕುಡೀರಿ’ ಎಂದ.

ಆ ಹೊಸಬ ಬಂದ ದಾರಿ ನೋಡಿದೆ. ಅವನು ಸೇರಿಕೊಂಡಿದ್ದ ಮನೆಗೆ ನನ್ನ ಮೊದಲ ಉತ್ತರ, ಆ ಶಹಬ್ಬಾಸ್, ಮಾತ್ರ ತಲುಪಿತ್ತು. ಎಲ್ಲೋ ಹುಡುಕುವಾಗ ಲಟ್ಟಣಿಗೆ ಎಂಬ ಪದ ಸಿಕ್ಕಿ ಬಂದಿದ್ದ. ಚಿತ್ರವೂ ಉಪ್ಪಿನ ಪುರಾಣವೂ ನನ್ನ ಮನೆಯಲ್ಲಿ ಆರು ವಾರದ ಮಾತಿನಡಿ ಹೂತಿದ್ದವು, ಅದು ಬಿಟ್ಟು ಇನ್ನೂ ಹನ್ನೊಂದು ಮನೆಗಳಲ್ಲಿ ಕೂತಿದ್ದವು. ಒಂದೊಂದೇ ಮನೆಯ ಪಡಸಾಲೆ ಇಣುಕುತ್ತಾ ಹೋದರೆ ಸಂಜೆಯೊಳಗೆ ಅವನ ಕಣ್ಣಿಗೆ ಬೀಳುತ್ತಿತ್ತು. ಬಂದರು, ದೋಣಿಬಟ್ಟೆ, ಎರಡು ಮೈಲಿ. ಅಷ್ಟು ಸಿಕ್ಕರೆ ಇನ್ನೇನು ಬೇಕು? ನಾನು ನಿನಗೆ ಬರೆದೆ, ‘ತಪ್ಪು ನನ್ನದು. ನನಗೆ ಮಧ್ಯಾಹ್ನ ಒಂದು ಗಂಟೆಯವರೆಗೆ ಸಮಯ ಕೊಡು. ಅಷ್ಟರಲ್ಲಿ ಆಗದಿದ್ದರೆ ಬಸ್ಸು ಹತ್ತು.’ ಆಗ ಹತ್ತೂವರೆ.

ಗಿರಾಕಿಯನ್ನು ನಾಳೆ ಬಾ ಎಂದು ಕಳಿಸಿ ಷಟರ್ ಇಳಿಸಿದೆ. ಮೂವತ್ತು ವರ್ಷದಲ್ಲಿ ಅಪ್ಪ ತೀರಿಕೊಂಡ ದಿನ ಬಿಟ್ಟರೆ ಅದೇ ಮೊದಲು. ನನ್ನ ಮನೆಯಿಂದ ಎಲ್ಲವನ್ನೂ ಅಳಿಸಿ, ಹನ್ನೊಂದು ಮನೆಗಳಿಗೂ ಅಳಿಸಿ ಎಂದು ಹೇಳಿಕಳಿಸಿದೆ. ಒಬ್ಬ ಯಜಮಾನ ಇದ್ದಿದ್ದರೆ ಅವನ ಕಾಲು ಹಿಡಿದರೆ ಮುಗಿಯುತ್ತಿತ್ತು. ಇಲ್ಲಿ ಹನ್ನೊಂದು ಯಜಮಾನರು, ಹನ್ನೊಂದು ಬುದ್ಧಿ. ಎಂಟು ಮನೆಗಳು ಹೇಳಿದ ಕ್ಷಣಕ್ಕೆ ತಾವಾಗಿ ಅಳಿಸಿದವು. ಉಳಿದ ಮೂರಕ್ಕೆ ಕೈಯಾರೆ ಬರೆಯಬೇಕಾಯಿತು. ಮೊದಲನೆಯದು ಉಣ್ಣೆ ಹೆಣೆಯುವ ಅಕ್ಕತಂಗಿಯರ ಮನೆ. ‘ನನ್ನ ಹಳೇ ಮಾತೊಂದು ಅಳಿಸಬೇಕು’ ಎಂದೆ. ‘ಅಳಿಸಿದ್ವಿ. ಟೀ ಕುಡಿದ್ರಾ?’ ಎಂದು ಉತ್ತರ ಬಂತು. ಯಾಕೆ ಎಂದು ಕೇಳಲಿಲ್ಲ. ಅಳಿಸು ಎಂದವರನ್ನು ಯಾಕೆ ಎಂದು ಕೇಳಬಾರದು ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ಪದ್ಧತಿ. ಆವತ್ತು ಅದರ ಬೆಲೆ ಗೊತ್ತಾಯಿತು.

ಎರಡನೆಯವರು ಬೀರು ಎಂಬ ಹೆಸರಿನವರು. ಹಳೆಯ ಗ್ರಂಥಪಾಲಕರು, ಕೂಟದ ಒಳ್ಳೆಯ ಉತ್ತರಗಳನ್ನೆಲ್ಲ ತಮ್ಮ ಮನೆಯಲ್ಲಿ ಜೋಡಿಸಿ ಇಡುತ್ತಾರೆ. ‘ತಾಯೀ, ಬಿಗಿದ ಚಕ್ರ ಬಿಡಿಸೋದನ್ನ ಇಷ್ಟು ಚೆನ್ನಾಗಿ ಇನ್ಯಾರೂ ಬರೆದಿಲ್ಲ. ಇದನ್ನ ಅಳಿಸು ಅಂದ್ರೆ ಪುಸ್ತಕಕ್ಕೆ ಬೆಂಕಿ ಇಡು ಅಂದ ಹಾಗೆ’ ಎಂದರು. ನಿಜ ಹೇಳುತ್ತೇನೆ ಕಾಜಾ, ಆ ಅವಸರದಲ್ಲೂ ನನ್ನ ಮನಸ್ಸು ಒಂದು ಕ್ಷಣ ಉಬ್ಬಿತು. ನಾಯಿ ಬಾಲ ಡೊಂಕೇ. ಆಮೇಲೆ ನನ್ನ ತಲೆಗೆ ನಾನೇ ಮೊಟಕಿಕೊಂಡು, ‘ಕಾರಣ ಹೇಳೋ ಹಾಗಿಲ್ಲ ಸಾರ್. ಅದಕ್ಕಿಂತ ಚೆನ್ನಾಗಿ ಇನ್ನೊಂದು ಬರೆದುಕೊಡ್ತೀನಿ. ಬಂದ ತಕ್ಷಣ ಹಳೇದು ತೆಗೀತೀರಾ?’ ಎಂದೆ. ‘ಬರೀರಿ, ಕಾಯ್ತೀನಿ’ ಎಂದರು.

ಮುಚ್ಚಿದ ಅಂಗಡಿಯಲ್ಲಿ ಕೂತು ನಲವತ್ತು ನಿಮಿಷ ಬರೆದೆ. ಯಾವ ಸ್ಕ್ರೂ ಮೊದಲು, ಎಣ್ಣೆ ಎಲ್ಲಿ ಬಿಡಬೇಕು, ಎಷ್ಟು ಹೊತ್ತು ಬಿಡಬೇಕು, ಬಟ್ಟೆ ಸುತ್ತಿ ಚಕ್ರವನ್ನು ಯಾವ ಕಡೆ ತಿರುಗಿಸಬೇಕು. ಬರೆದು ಮುಗಿಸಿ ನೋಡಿದರೆ ಉಪ್ಪಿಗೆ ಅಲ್ಲಿ ಜಾಗವೇ ಬೇಕಾಗಿರಲಿಲ್ಲ. ತುಕ್ಕು ಎಲ್ಲಿಯದಾದರೇನು, ಬಿಡಿಸುವ ಎಣ್ಣೆ ಒಂದೇ. ಮತ್ತೆ ಆ ಬಾಲ ಯಾಕೆ ಸೇರಿಸಿದ್ದೆ? ನಿನಗೆ ಸಹಾಯ ಮಾಡಲು ಅಲ್ಲ, ನಾನು ಎಷ್ಟು ಜಾಣೆ ಎಂದು ಹದಿನೇಳು ಜನಕ್ಕೆ ತೋರಿಸಲು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಬೀರು ಹೊಸದನ್ನು ಓದಿ, ಹಳೆಯದನ್ನು ತೆಗೆದು, ‘ಇದು ಮೊದಲಿನದಕ್ಕಿಂತ ವಾಸಿ ತಾಯೀ’ ಎಂದು ಬರೆದರು. ಹನ್ನೆರಡೂಕಾಲಾಗಿತ್ತು.

ಉಳಿದದ್ದು ಒಂದೇ ಮನೆ, ಮೊಂಡುಕತ್ತರಿಯದು. ಬಾಗಿಲು ಹಾಕಿತ್ತು! ಬುಧವಾರ ಬುಧವಾರ ಅವನು ಮನೆ ಮುಚ್ಚಿ ಧೂಳು ಹೊಡೆಯುತ್ತಾನೆ, ಮಧ್ಯಾಹ್ನ ಯಾವಾಗಲೋ ತೆರೆಯುತ್ತಾನೆ. ತೆರೆದ ಕೂಡಲೇ ಅವನಲ್ಲಿರುವ ಪ್ರತಿ ಎಲ್ಲರಿಗೂ ಕಾಣುತ್ತದೆ. ಫೋನು ಮಾಡೋಣವೆಂದರೆ ನಂಬರಿಲ್ಲ. ಓಡಿಹೋಗೋಣವೆಂದರೆ ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಇಷ್ಟು ವರ್ಷದ ಗುರು, ಗಂಡಸೋ ಹೆಂಗಸೋ ಎಂಬುದೂ ಖಾತ್ರಿ ಇಲ್ಲ. ‘ಕೇಳಬೇಡಿ’ ಎಂಬ ನಮ್ಮ ಪದ್ಧತಿಯನ್ನು ಆ ಅರ್ಧ ಗಂಟೆಯಲ್ಲಿ ಎಷ್ಟು ಬೈದೆನೆಂದು ಹೇಳಲಾರೆ. ಏನಾದರೂ ಸುಳಿವು ಸಿಗಬಹುದೆಂದು ಅವನ ಹಳೆಯ ಚೀಟಿಗಳನ್ನೆಲ್ಲ ತೆರೆಯುತ್ತಾ ಕೂತೆ. ನೀನು ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ‘ಅಕ್ಕಾ?’ ಎಂದು ಬರೆದೆ. ಅಷ್ಟೇ ಬರೆದಿದ್ದೆ.

ಆಗ ಕಂಡಿತು. ನಾನು ಓದದೇ ಬಿಟ್ಟಿದ್ದ ಒಂದು ಚೀಟಿ, ಆರು ವಾರದ ಹಿಂದಿನದು, ಉಪ್ಪಿನ ಪುರಾಣ ಬರೆದ ದಿನದ್ದೇ. ಇವನದು ಇದ್ದದ್ದೇ ಗೊಣಗಾಟ, ನನ್ನ ವಾಕ್ಯ ಉದ್ದ ಎಂದು ಬೈದಿರುತ್ತಾನೆ ಎಂದುಕೊಂಡು ಬಿಟ್ಟಿದ್ದೆ. ತೆರೆದೆ. ‘ಎಣ್ಣೆಡಬ್ಬೀ, ಅವಳು ಕೇಳಿದ್ದು ಚಕ್ರ ಯಾಕೆ ಬಿಗಿ ಅಂತ. ಊರು ಯಾವುದು ಹೇಳು ಅಂತ ನಿನ್ನನ್ನ ಯಾರು ಕೇಳಿದ್ರು? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಆ ಚಿತ್ರ ಕತ್ತರಿಸಿರೋ ರೀತಿ ನೋಡಿದ್ಯಾ? ನನ್ನ ಮನೆಯಿಂದ ಚಿತ್ರಾನೂ ನಿನ್ನ ತಲೆಹರಟೆನೂ ಈಗಲೇ ಅಳಿಸಿದೀನಿ. ನೀನೂ ಅಳಿಸು.’

ಅಳಿಸಿದ್ದ! ಆರು ವಾರದ ಹಿಂದೆಯೇ, ಮೊದಲ ದಿನವೇ ಅಳಿಸಿದ್ದ! ಮುಚ್ಚಿದ ಷಟರಿನ ಹಿಂದೆ ಎದ್ದು ನಿಂತು, ಎರಡು ಕೈ ಎತ್ತಿ, ‘ಗೆದ್ವಿ ಕಣೇ!’ ಎಂದು ಕಿರುಚಿದೆ. ಬೀಗ ರಿಪೇರಿಯವನು ಹೊರಗಿಂದ ಷಟರ್ ಬಡಿದ. ನಿನಗೆ ಬರೆಯುವ ಅವಸರದಲ್ಲಿ ಎಲ್ಲ ಅಕ್ಷರವೂ ತಪ್ಪಾಯಿತು. ‘ಎಲ್ಲೂ ಇಲ್ಲ. ಒಂದು ಮನೆಯಲ್ಲೂ ಇಲ್ಲ. ಗಂಟು ಬಿಚ್ಚೋಕೆ ಹೇಳು ಅತ್ತೆಗೆ.’ ಸ್ವಲ್ಪ ಹೊತ್ತು ಬಿಟ್ಟು ನಿನ್ನ ಉತ್ತರ ಬಂತು, ‘ಬಿಚ್ಚಿದ್ರು. ಆಗಲೇ ಹೊಲಿಯೋಕೆ ಕೂತಿದ್ದಾರೆ.’ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಆಮೇಲಿನದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಹತ್ತು ದಿನ ಬಿಟ್ಟು ನಿನ್ನ ಗಂಡ ನನ್ನ ಅಂಗಡಿಗೇ ಬಂದ. ನನ್ನ ವಿಳಾಸ ಮುಚ್ಚಿಟ್ಟದ್ದಲ್ಲ, ಗಿರಾಕಿಗಳು ಬರಬೇಕಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಮ್ಮನ ಫೋಟೋ. ‘ಅಕ್ಕಾ, ಅಮ್ಮನಿಗೆ ಮೊಣಕಾಲು ನೋವು. ಮಾತ್ರೆ ಬಿಟ್ಟು ಹೋಗಿದ್ದಾರೆ. ರಾತ್ರಿ ನಿದ್ದೆ ಬರ್ತಿಲ್ಲ ನನಗೆ’ ಎಂದು ಕಣ್ಣೊರೆಸಿಕೊಂಡ. ಒಳಗಿದ್ದ ನಮ್ಮ ಮನೆಯವರು ಬಂದು ಕುರ್ಚಿ ಹಾಕಿ, ನನ್ನ ಕಿವಿಯಲ್ಲಿ ‘ಪಾಪ ಕಣೇ’ ಎಂದರು. ಕಣ್ಣೀರು ಸುಳ್ಳು ಎಂದು ನಾನು ಹೇಳುವುದಿಲ್ಲ. ‘ಹೆಂಡತಿ?’ ಎಂದು ಕೇಳಿದೆ. ಅವನ ಮುಖ ಗಂಟಾಯಿತು. ‘ಅವಳ ಸುದ್ದಿ ಬೇಡ. ಅವಳಿಂದಲೇ ಇದೆಲ್ಲ. ಸಿಗ್ಲಿ, ಇದೆ ಅವಳಿಗೆ’ ಎಂದ. ನಮ್ಮ ಮನೆಯವರು ಹಾಕಿದ ಕುರ್ಚಿಯನ್ನು ಒಂದಿಷ್ಟು ಹಿಂದೆಳೆದುಕೊಂಡು ತಾವೇ ಕೂತುಬಿಟ್ಟರು.

ಅವನು ನನ್ನ ಕಂಪ್ಯೂಟರಿನ ಕಡೆ ಬೆರಳು ಮಾಡಿದ. ‘ಯಾರು ಎಲ್ಲಿಂದ ಬರೆದ್ರು ಅಂತ ಅದರಲ್ಲಿ ಇರುತ್ತೆ. ನನಗೆ ಗೊತ್ತು, ಎಲ್ಲ ಕಡೆ ಇರುತ್ತೆ.’ ‘ಎಲ್ಲ ಕಡೆ ಇರಬಹುದು ತಮ್ಮಾ, ನಮ್ಮಲ್ಲಿ ಇರಲ್ಲ. ದಿನಾ ಸಂಜೆ ಗುಡಿಸಿ ಹಾಕ್ತೀನಿ’ ಎಂದೆ. ನಂಬಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿ, ಆ ಗುರುತುಗಳ ಕಡತ ತೆರೆದು ತೋರಿಸಿದೆ. ಆ ದಿನ ಬೆಳಗಿನ ನಾಲ್ಕು ಸಾಲು ಬಿಟ್ಟರೆ ಖಾಲಿ, ನಾಲ್ಕೂ ನನ್ನದೇ ಓಡಾಟ. ‘ಹೆಸರು?’ ‘ಕೇಳಿಲ್ಲ.’ ‘ಊರು?’ ‘ಕೇಳಿಲ್ಲ.’ ‘ಫೋನು?’ ‘ಕೇಳಿಲ್ಲಪ್ಪಾ.’ ಒಂದೇ ಒಂದು ಸುಳ್ಳೂ ಹೇಳಬೇಕಾಗಲಿಲ್ಲ ಕಾಜಾ! ಬೇಡದ್ದನ್ನು ಇಟ್ಟುಕೊಳ್ಳದವಳಿಗೆ ಮುಚ್ಚಿಡುವ ಕೆಲಸವೇ ಇರುವುದಿಲ್ಲ, ಮೊಂಡುಕತ್ತರಿಯ ಎರಡನೆಯ ಪಾಠ ಅಲ್ಲಿ ನಿಂತಾಗ ಪೂರ್ತಿ ಅರ್ಥವಾಯಿತು.

ಆದರೆ ಉಪ್ಪು ಇತ್ತಲ್ಲ, ನನ್ನ ತಲೆಯೊಳಗೆ! ಅದನ್ನು ಗುಡಿಸಲು ಬಂದಿರಲಿಲ್ಲ. ಅವನು ಕಾಲು ಗಂಟೆ ಅಲ್ಲೇ ನಿಂತಿದ್ದ. ಅತ್ತ, ಗದರಿದ, ಮತ್ತೆ ಅತ್ತ. ಬಾಯಿ ತೆರೆದರೆ ಏನಾದರೂ ಉದುರೀತು ಎಂದು ನಾನು ಕೈಯಲ್ಲಿದ್ದ, ಕೆಳಗಿನ ದಾರ ಕೂರುವ ಬಾಬಿನ್ ಕೇಸನ್ನು ಒರೆಸಿದ್ದೇ ಒರೆಸಿದ್ದು. ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯಿತು ಕಣೇ, ನೆನೆದು ಮೊಳಕೆಯೂ ಬಂತು. ಕೊನೆಗೆ, ‘ನಿಮ್ಮ ನಂಬರು ಬರೆದಿಟ್ಟು ಹೋಗಿ. ನಿಮಗೆ ಏನಾದ್ರೂ ಹೇಳಬೇಕು ಅನ್ನೋರಿದ್ರೆ ಅವರೇ ಹೇಳ್ತಾರೆ’ ಎಂದಷ್ಟೇ ಎಂದೆ. ಅವನು ಹೋದ ಮೇಲೆ ನಮ್ಮ ಮನೆಯವರು ನನ್ನ ಮುಖವನ್ನೇ ನೋಡುತ್ತಾ, ‘ನಿನ್ನ ಕಟ್ಟಿಕೊಂಡು ಮೂವತ್ತು ವರ್ಷ ಆಯ್ತು, ಇವತ್ತು ಬೇರೆ ಯಾರನ್ನೋ ನೋಡಿದ ಹಾಗಾಯ್ತು’ ಎಂದರು. ಆ ಮಾತನ್ನು ನಾನು ಹದಿನೇಳು ಭೇಷ್‌ಗಳಿಗೂ ಕೊಡುವುದಿಲ್ಲ.

ನಂಬರು ಇದೆ ಎಂದು ನಿನಗೆ ಬರೆದಾಗ ಅತ್ತೆ ಹೇಳಿ ಬರೆಸಿದ ಮಾತು ಈಗಲೂ ನನಗೆ ಬಾಯಿಪಾಠ. ‘ಚೆನ್ನಾಗಿದ್ದೀನಿ. ಮಾತ್ರೆ ಇಲ್ಲೂ ಸಿಗುತ್ತೆ. ಹುಡುಕಬೇಡ. ಕೈ ಇಳಿಸೋದು ಕಲಿತ ದಿನ ನಾನೇ ಬರೀತೀನಿ.’ ಜೊತೆಗೆ, ಅವನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಒಂದು ಹೆಸರು. ಫೋನು ಮಾಡಿ ಓದಿದೆ. ಆ ಹೆಸರು ಕೇಳಿದ ಮೇಲೆ ಅವನು ಫೋನು ಇಟ್ಟ. ಮತ್ತೆ ಬರಲಿಲ್ಲ. ನಂಬರಿನ ಚೀಟಿಯನ್ನು ನಾನು ಆ ಸಂಜೆಯ ಕಸದ ಜೊತೆ ಗುಡಿಸಿದೆ.

ಆಮೇಲೆ ನೀನು ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೋದ ವರ್ಷ ಒಬ್ಬ ಹೊಸಬಳು ತನ್ನ ಮಷೀನಿನ ಚಿತ್ರ ಹಾಕಿದಳು, ಹಿಂದೆ ಕಿಟಕಿ, ಕಿಟಕಿಯಾಚೆ ಇಡೀ ಬೀದಿ. ನಾನು ಚೀಟಿ ಬರೆಯುವಷ್ಟರಲ್ಲಿ ಚಿತ್ರ ಬದಲಾಗಿತ್ತು, ಕಿಟಕಿ ಇರಲಿಲ್ಲ. ‘ಕಾಜಾ ಅಕ್ಕ ಹೇಳಿದ್ರು, ಮೊದಲು ಕಿಟಕಿ ಮುಚ್ಚು, ಆಮೇಲೆ ಸೂಜಿ ನೋಡೋಣ ಅಂತ’ ಎಂದು ಅವಳು ಬರೆದಿದ್ದಳು. ಕಾಜಾ ಅಕ್ಕ! ನಮಸ್ಕಾರವನ್ನೂ ಹೇಳದೆ ಬಂದ ಬಿಗುಮಾನದ ಹೆಣ್ಣು ಈಗ ಇನ್ನೊಬ್ಬಳಿಗೆ ಅಕ್ಕ. ಈಗ ನಿನ್ನದೇ ಮನೆ, ನಿನ್ನದೇ ಪಡಸಾಲೆ, ನಿನ್ನದೇ ಬೀಗ. ನಿನ್ನ ಬಾಗಿಲ ಮೇಲೆ ನೀನು ಬರೆದ ಸಾಲು ಓದಿದೆ, ‘ಒಳಗೆ ಬನ್ನಿ. ಮಷೀನಿಗೆ ಏನಾಗಿದೆ ಹೇಳಿ. ನಿಮಗೆ ಏನಾಗಿದೆ ಅಂತ ನೀವು ಹೇಳಿದ್ರೆ ಮಾತ್ರ ಕೇಳ್ತೀವಿ.’ ಹೆಮ್ಮೆಯಿಂದ ಎದೆ ಬಿರಿಯುವಂತಾಯಿತು.

ಇನ್ನು ಧೈರ್ಯದ ವಿಷಯ. ಈ ಕಾಗದವನ್ನು ಗೋಡೆಗೆ ಅಂಟಿಸುವ ಮೊದಲು ಮೊಂಡುಕತ್ತರಿಗೆ ತೋರಿಸಿದೆ. ಮೊದಲ ಸಲ ನೋಡಿ, ಇಲ್ಲಿ ಅವಳ ಗುರುತು ಸಿಗುತ್ತೆ ಎಂದು ಒಂಬತ್ತು ಕಡೆ ಗೆರೆ ಎಳೆದ. ತಿದ್ದಿದೆ. ಎರಡನೆಯ ಸಲ ಎರಡು ಕಡೆ. ಮತ್ತೆ ತಿದ್ದಿದೆ. ಮೂರನೆಯ ಸಲ, ‘ಬೈಯೋಕೆ ಏನೂ ಸಿಗಲಿಲ್ಲ’ ಎಂದು ಬರೆದ. ಏಳು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಹೊಗಳಿಕೆ.

ಹಾಗಾಗಿ ಇಲ್ಲಿ ನಿಂತು ಓದುತ್ತಿರುವವರೆಲ್ಲ ಕೇಳಿಸಿಕೊಳ್ಳಲಿ. ಆ ತುಕ್ಕು ಉಪ್ಪಿನದಲ್ಲ. ಅಲ್ಲಿ ಬಂದರೂ ಇಲ್ಲ, ದೋಣಿಯೂ ಇಲ್ಲ. ಹಿಡಿ ಲಟ್ಟಣಿಗೆಯದಲ್ಲ. ಕೈಮಷೀನು ಹೌದೋ ಅಲ್ಲವೋ ಹೇಳುವುದಿಲ್ಲ. ನೀನು ಕಾಜಾ ಅಲ್ಲ, ಮನೆಯ ಹೆಸರು ಅತ್ತೆಮನೆ ಅಲ್ಲ, ‘ಇವತ್ತು ಬೆಳಿಗ್ಗೆ’ ಎಂದೆನಲ್ಲ, ಅದು ಇವತ್ತೂ ಅಲ್ಲ. ನಿನಗೆ ಬೀಗ ಹಾಕಿ ಕಳಿಸಿದ ಪ್ರತಿಯಲ್ಲಿ ಎಲ್ಲವೂ ಇದ್ದಂತೆ ಇದೆ, ಓದಿ ನಗು. ಇದನ್ನು ಓದಿ ಯಾರಾದರೂ ಕಡಲ ದಂಡೆಯ ಊರುಗಳನ್ನು ಹುಡುಕಿಕೊಂಡು ಹೊರಟರೆ ಧಾರಾಳವಾಗಿ ಹೋಗಿಬರಲಿ, ಅಲ್ಲಿ ಗಾಳಿ ಚೆನ್ನಾಗಿರುತ್ತದೆ. ನಾನು ಬದಲಾಯಿಸದೆ ಬಿಟ್ಟದ್ದು ಸ್ವಲ್ಪವೇ. ಸೊಸೆಗೆ ಅಡ್ಡ ನಿಂತ ಅತ್ತೆ ನಿಜ. ಯಾಕೆ ಎಂದು ಕೇಳದೆ ಅಳಿಸಿದ ಮನೆಗಳು ನಿಜ. ಮೂರು ಗಂಟೆಯ ಬಸ್ಸು ನಿಮ್ಮಿಬ್ಬರನ್ನು ಬಿಟ್ಟು ಹೋದದ್ದು ನಿಜ.

ಅತ್ತೆಯ ಮೊಣಕಾಲಿಗೆ ಬಲ ಬರಲಿ, ನಿನ್ನ ಸೂಜಿ ಮುರಿಯದಿರಲಿ, ನಿನ್ನ ಬಾಗಿಲಿಗೆ ಬಂದವರು ಯಾರೂ ಹೆದರಿಕೊಂಡು ಹಿಂದಿರುಗದಿರಲಿ. ದಿನಾ ಸಂಜೆ ಮರೆಯದೆ ಗುಡಿಸು.

ಎಲ್ಲವನ್ನೂ ಹೇಳಿಯೂ ಏನನ್ನೂ ಹೇಳದ,
ನಿನ್ನ ಎಣ್ಣೆಡಬ್ಬಿ ಅಕ್ಕ